ಹನ್ನೊಂದು ಹೆಸರಿನ ಒಂದು ಸೈಕಲ್ ತಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್ ನೋಡಲು ಹೊಸದಾಗಿ ಕೂತವರನ್ನು ಮೊದಲು ತಬ್ಬಿಬ್ಬು ಮಾಡುವುದು ಗುಡ್ಡವೂ ಅಲ್ಲ, ಗೇರೂ ಅಲ್ಲ. ತಂಡಗಳ ಹೆಸರು. ಹೋದ ವರ್ಷ ಇದ್ದ ತಂಡ ಈ ವರ್ಷ ಇಲ್ಲ. ಆದರೆ ಅದೇ ಸವಾರರು, ಅದೇ ಬಸ್ಸು, ಅದೇ ಮ್ಯಾನೇಜರ್. ಇದಕ್ಕೆ ಉದಾಹರಣೆಯಾಗಿ ನೆದರ್‌ಲ್ಯಾಂಡ್ಸ್‌ನ ತಂಡವೊಂದನ್ನು ಆರಿಸಿಕೊಂಡಿದ್ದೇನೆ. ಇವತ್ತು ಅದರ ಹೆಸರು ವಿಸ್ಮಾ–ಲೀಸ್ ಎ ಬೈಕ್. ಇದರ ಸ್ಪಾನ್ಸರ್‌ಗಳ ಕಥೆ ಇದರ ಗೆಲುವುಗಳಷ್ಟೇ ಸ್ವಾರಸ್ಯವಾಗಿದೆ. ಕೆಲವು ಕಡೆ ಗೆಲುವಿಗಿಂತ ಜಾಸ್ತಿ.

ಒಂದೇ ತಂಡಕ್ಕೆ ಇಷ್ಟೊಂದು ಹೆಸರು ಯಾಕೆ?

ಹರಕೆ ಆಟ ನೆನಪಿಸಿಕೊಳ್ಳಿ. ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನ. ನೋಡುವವರಿಗೆ ಟಿಕೆಟ್ ಇಲ್ಲ. ಖರ್ಚೆಲ್ಲ ಸೇವೆ ಆಡಿಸುವ ಮನೆಯವರದು. ರಸ್ತೆ ಸೈಕಲ್ ರೇಸ್ ಕೂಡ ಬಯಲಾಟವೇ. ರಸ್ತೆ ಬದಿ ನಿಂತವರಿಂದ ಯಾರೂ ದುಡ್ಡು ಕೇಳುವಂತಿಲ್ಲ. ಟಿವಿ ಹಕ್ಕಿನ ಹಣ ಬಹುತೇಕ ರೇಸ್ ನಡೆಸುವವರ ಜೇಬಿಗೆ ಹೋಗುತ್ತದೆ. ತಂಡಕ್ಕೆ ಸ್ವಂತ ಕ್ರೀಡಾಂಗಣ ಇಲ್ಲ, ಹಾಗಾಗಿ ಗೇಟಿನ ಕಲೆಕ್ಷನ್ ಕೂಡ ಇಲ್ಲ. ಉಳಿಯುವುದು ಒಂದೇ ದಾರಿ: ಯಾರಾದರೂ ವರ್ಷಕ್ಕೆ ಕೋಟಿಗಟ್ಟಲೆ ಕೊಡಬೇಕು. ಕೊಟ್ಟವರು ಕೇಳುವುದು ತಂಡದ ಹೆಸರನ್ನೇ.

ನಮ್ಮ ಆರ್‌ಸಿಬಿ ಹೆಸರಿನಲ್ಲೂ ಒಂದು ಮದ್ಯದ ಬ್ರ್ಯಾಂಡ್ ಇಣುಕುತ್ತದೆ. ಆದರೆ ಅಲ್ಲಿ ಊರಿನ ಹೆಸರೂ ಇದೆ, ಮಾಲೀಕರು ಬದಲಾದರೂ ಊರು ಉಳಿಯುತ್ತದೆ. ಸೈಕಲ್ ತಂಡಕ್ಕೆ ಊರೇ ಇರುವುದಿಲ್ಲ. ಸ್ಪಾನ್ಸರ್ ಹೋದರೆ ಬೋರ್ಡ್ ಕಳಚಿದ ಅಂಗಡಿ ಥರ ಆಗುತ್ತದೆ.

ಮೊದಲಿನಿಂದಲೂ ಹೀಗೇನಾ?

ಇಲ್ಲ. ಹಿಂದೆ ಸೈಕಲ್ ಕಂಪನಿಗಳು, ಟಯರ್ ಕಂಪನಿಗಳು ಮಾತ್ರ ತಂಡ ಕಟ್ಟುತ್ತಿದ್ದವು. ರೇಸ್ ಗೆದ್ದ ಸೈಕಲ್ ಸೋಮವಾರ ಅಂಗಡಿಯಲ್ಲಿ ಮಾರಾಟವಾಗಬೇಕು, ಅಷ್ಟೇ ಲೆಕ್ಕ. ಎರಡನೇ ಮಹಾಯುದ್ಧದ ನಂತರ ಯುರೋಪಿನ ಜನ ಸ್ಕೂಟರ್, ಕಾರು ಹತ್ತಿದರು. ಸೈಕಲ್ ಕಂಪನಿಗಳ ಕೈ ಖಾಲಿಯಾಯಿತು. 1954ರಲ್ಲಿ ಇಟಲಿಯ ಸವಾರ ಫಿಯೊರೆಂಝೊ ಮಾನ್ಯಿ ನಿವಿಯಾ ಕ್ರೀಮ್ ಕಂಪನಿಯನ್ನು ಒಪ್ಪಿಸಿ ಕರೆತಂದ. ಮುಖಕ್ಕೆ ಹಚ್ಚುವ ಕ್ರೀಮಿಗೂ ಸೈಕಲ್ಲಿಗೂ ಏನು ಸಂಬಂಧ ಎಂದು ಬೈದವರಿದ್ದರು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಟೂರ್ ಮಾತ್ರ 1930ರಿಂದ 1961ರವರೆಗೆ ದೇಶದ ತಂಡಗಳನ್ನು ಆಡಿಸಿತು. 1962ರಲ್ಲಿ ಅದೂ ಕಂಪನಿ ತಂಡಗಳಿಗೆ ಬಾಗಿಲು ತೆರೆಯಿತು.

ಹಾಗಂತ ರೇಸ್ ನಡೆಸುವವರು ಮಡಿವಂತರೇನಲ್ಲ. ಟೂರ್‌ನಲ್ಲಿ ಒಟ್ಟಾರೆ ಮುಂದಿರುವವನು ತೊಡುವ ಹಳದಿ ಜರ್ಸಿ ಬಂದಿದ್ದು ಅದನ್ನು ನಡೆಸುತ್ತಿದ್ದ ಪತ್ರಿಕೆಯ ಹಳದಿ ಕಾಗದದಿಂದ. ಇಟಲಿಯ ಇಂಥದೇ ರೇಸ್ ಜಿರೊ ದಿ ಇಟಾಲಿಯಾದ ಗುಲಾಬಿ ಜರ್ಸಿಯ ಮೂಲವೂ ಒಂದು ಪತ್ರಿಕೆಯ ಗುಲಾಬಿ ಕಾಗದ. ನಾವು ಭಕ್ತಿಯಿಂದ ನೋಡುವ ಬಣ್ಣಗಳೆಲ್ಲ ಮೂಲತಃ ಜಾಹೀರಾತೇ.

ಆ ಹನ್ನೊಂದು ಹೆಸರು ಯಾವುವು?

ಉಸಿರು ಬಿಗಿಹಿಡಿದು ಓದಿ. 1984ರಲ್ಲಿ ಕ್ವಾಂಟಮ್ ಹಾಲನ್. 1987ರಿಂದ ಸೂಪರ್‌ಕಾನ್‌ಫೆಕ್ಸ್. 1990ರಿಂದ ಬಕ್ಲರ್. 1993ರಿಂದ ವರ್ಡ್‌ಪರ್ಫೆಕ್ಟ್. 1995ರಲ್ಲಿ ಒಂದೇ ವರ್ಷ ನಾವೆಲ್. 1996ರಿಂದ 2012ರವರೆಗೆ ರಾಬೊಬ್ಯಾಂಕ್. 2013ರ ಮೊದಲರ್ಧ ಬ್ಲಾಂಕೊ. ಅದೇ ವರ್ಷದ ಟೂರ್‌ನಿಂದ ಬೆಲ್ಕಿನ್. 2015ರಿಂದ ಲೊಟ್ಟೊಎನ್‌ಎಲ್–ಜಂಬೊ. 2019ರಿಂದ ಜಂಬೊ–ವಿಸ್ಮಾ. 2024ರಿಂದ ವಿಸ್ಮಾ–ಲೀಸ್ ಎ ಬೈಕ್.

ಪರದೆ ಅಂಗಡಿ, ಬಟ್ಟೆ ಅಂಗಡಿ, ಬಿಯರ್, ಸಾಫ್ಟ್‌ವೇರ್, ಬ್ಯಾಂಕ್, ಖಾಲಿ ಜಾಗ, ರೂಟರ್ ಮಾರುವವರು, ಲಾಟರಿ, ದಿನಸಿ, ಮತ್ತೆ ಸಾಫ್ಟ್‌ವೇರ್, ಕೊನೆಗೆ ಸೈಕಲ್ ಬಾಡಿಗೆ. ಜೊತೆಯಲ್ಲಿ ಬಂದುಹೋದ ಚಿಕ್ಕಪುಟ್ಟ ಸ್ಪಾನ್ಸರ್‌ಗಳನ್ನು ಇಲ್ಲಿ ಸೇರಿಸಿಲ್ಲ.

ಹೆಸರು, ಬಣ್ಣ, ಸವಾರರು ಎಲ್ಲ ಬದಲಾದ ಮೇಲೆ ಅದು ಅದೇ ತಂಡ ಹೇಗಾಗುತ್ತದೆ?

ಒಳ್ಳೆಯ ಪ್ರಶ್ನೆ. ಎಲ್ಲ ಒಟ್ಟಿಗೆ ಬದಲಾಗುವುದಿಲ್ಲ ಅನ್ನುವುದೇ ಉತ್ತರ. ಸ್ಪಾನ್ಸರ್ ಹೋದಾಗ ಮ್ಯಾನೇಜರ್, ಮೆಕ್ಯಾನಿಕ್, ಮಸಾಜ್ ಮಾಡುವವರು, ಲಾರಿ, ಬಹುಪಾಲು ಸವಾರರು ಉಳಿಯುತ್ತಾರೆ. ಲೈಸೆನ್ಸ್ ಇರುವುದು ತಂಡ ನಡೆಸುವ ಸಂಸ್ಥೆಯ ಹೆಸರಲ್ಲಿ, ಜರ್ಸಿ ಮೇಲಿನ ಕಂಪನಿಯ ಹೆಸರಲ್ಲಿ ಅಲ್ಲ.

ರಾಬರ್ಟ್ ಗೆಸಿಂಕ್‌ನನ್ನೇ ತೆಗೆದುಕೊಳ್ಳಿ. 2007ರಲ್ಲಿ ರಾಬೊಬ್ಯಾಂಕ್ ಮುಖ್ಯ ತಂಡಕ್ಕೆ ಸೇರಿದ. 2024ರಲ್ಲಿ ನಿವೃತ್ತನಾದ. ಹದಿನೆಂಟು ಸೀಸನ್, ಆರು ಹೆಸರಿನ ಜರ್ಸಿ, ಒಂದು ಸಲವೂ ತಂಡ ಬಿಡಲಿಲ್ಲ. ಅವನನ್ನು ಕೇಳಿದರೆ ಇದು ಒಂದೇ ತಂಡ ಎಂದೇ ಹೇಳುತ್ತಾನೆ, ಅಲ್ವಾ?

ತಂಡ ಹುಟ್ಟಿದ್ದು ಹೇಗೆ?

ಜಗಳದಿಂದ. 1970ರ ದಶಕದಲ್ಲಿ ಡಚ್ಚರ ದೊಡ್ಡ ತಂಡ ಟಿಐ–ರಾಲೆ. ಪೀಟರ್ ಪೋಸ್ಟ್ ಅದರ ಮುಖ್ಯಸ್ಥ, ಕಡಕ್ ಮನುಷ್ಯ. ಯಾನ್ ರಾಸ್ ಅದರ ತಾರೆ. ರಾಸ್ 1979ರ ವಿಶ್ವ ಚಾಂಪಿಯನ್, ಅಮ್‌ಸ್ಟೆಲ್ ಗೋಲ್ಡ್ ರೇಸನ್ನು ಐದು ಸಲ ಗೆದ್ದವನು. (ಆ ರೇಸಿನ ಹೆಸರೂ ಬಿಯರಿನದೇ. ಎಲ್ಲಿ ನೋಡಿದರೂ ಇದೇ ಕಥೆ.) 1983ರ ಕೊನೆಗೆ ಇಬ್ಬರಿಗೂ ಆಗಿಬರಲಿಲ್ಲ. ತಂಡ ಎರಡು ಹೋಳಾಯಿತು. ಪೋಸ್ಟ್ ಪ್ಯಾನಾಸೋನಿಕ್ ದುಡ್ಡಿನಲ್ಲಿ ಒಂದು ತಂಡ ಕಟ್ಟಿದ. ರಾಸ್ ಮತ್ತು ಅವನ ಜೊತೆಯವರು ಕ್ವಾಂಟಮ್ ಕಡೆ ಹೋದರು. ನಾವು ಮಾತಾಡುತ್ತಿರುವುದು ಈ ಎರಡನೇ ಹೋಳಿನ ಬಗ್ಗೆ. ರಾಸ್ 1985ರಲ್ಲಿ ಸವಾರಿ ಬಿಟ್ಟು ತಂಡ ನಡೆಸಲು ಕೂತ.

ಟಿಐ ಅಂದರೆ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್, ಇಂಗ್ಲೆಂಡಿನ ಕಂಪನಿ. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಮುರುಗಪ್ಪ ಸಮೂಹದ ಜೊತೆ ಸೇರಿ ಟಿಐ ಸೈಕಲ್ಸ್ ಶುರು ಮಾಡಿದ್ದು ಇದೇ ಕಂಪನಿ. ನಮ್ಮ ಅಪ್ಪಂದಿರ ಹರ್ಕ್ಯುಲಿಸ್, ನಮ್ಮ ಬಿಎಸ್‌ಎ ಎಲ್ಲ ಅಲ್ಲಿಂದ ಬಂದವು. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದ ಆ ಕಪ್ಪು ಸೈಕಲ್ಲೂ 1980ರಲ್ಲಿ ಟಿಐ–ರಾಲೆಯ ಯೋಪ್ ಜೂಟೆಮೆಲ್ಕ್ ಟೂರ್ ಗೆದ್ದ ಸೈಕಲ್ಲೂ ದೂರದ ದಾಯಾದಿಗಳು.

ಕ್ವಾಂಟಮ್, ಸೂಪರ್‌ಕಾನ್‌ಫೆಕ್ಸ್ ಎಂದರೆ ಏನು?

ಕ್ವಾಂಟಮ್ ಕಡಿಮೆ ಬೆಲೆಗೆ ಪರದೆ, ನೆಲಹಾಸು ಮಾರುವ ಅಂಗಡಿ ಸರಣಿ. ಸೂಪರ್‌ಕಾನ್‌ಫೆಕ್ಸ್ ಸಿದ್ಧ ಉಡುಪಿನ ಅಂಗಡಿಗಳು. ಇವು ನೆದರ್‌ಲ್ಯಾಂಡ್ಸ್ ಆಚೆ ಯಾರಿಗೂ ಗೊತ್ತಿರದ ಹೆಸರುಗಳು. ಆದರೂ ಆ ಜರ್ಸಿಗಳಲ್ಲಿ ಆದ ಕೆಲಸ ಸಣ್ಣದಲ್ಲ. ಜೂಟೆಮೆಲ್ಕ್ 1985ರಲ್ಲಿ, 38ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದ. ಅಷ್ಟು ವಯಸ್ಸಾದ ಮೇಲೆ ಆ ಪಟ್ಟ ಗೆದ್ದ ಗಂಡಸು ಇನ್ನೊಬ್ಬನಿಲ್ಲ. 40 ದಾಟಿದ ಮೇಲೆ, 1987ರಲ್ಲಿ ಅಮ್‌ಸ್ಟೆಲ್ ಗೋಲ್ಡ್ ಕೂಡ ಗೆದ್ದ. ಆದ್ರಿ ವಾನ್ ಡರ್ ಪೂಲ್ 1986ರಲ್ಲಿ ಬೆಲ್ಜಿಯಂನ ಒಂದು ದಿನದ ರೇಸ್ ಟೂರ್ ಆಫ್ ಫ್ಲ್ಯಾಂಡರ್ಸ್ ಗೆದ್ದ. ಈಗಿನ ತಾರೆ ಮಾಥ್ಯೂ ವಾನ್ ಡರ್ ಪೂಲ್ ಅವನ ಮಗ. ಯಾನ್ ಪಾಲ್ ವಾನ್ ಪೊಪ್ಪೆಲ್ 1987ರಲ್ಲಿ ಟೂರ್‌ನ ಹಸಿರು ಜರ್ಸಿ (ಅಂಕಗಳಲ್ಲಿ ಮುಂದಿರುವವನಿಗೆ ಸಿಗುವುದು) ತಂದ.

ಕೆಂಗೂದಲಿನ, ಉದ್ದ ಕಾಲಿನ ಎಡ್ವಿಗ್ ವಾನ್ ಹೋಯ್ಡಾಂಕ್ ಬಗ್ಗೆ ಒಂದು ಮಾತು. ಫ್ಲ್ಯಾಂಡರ್ಸ್ ಎರಡು ಸಲ ಗೆದ್ದ: 1989ರಲ್ಲಿ ಸೂಪರ್‌ಕಾನ್‌ಫೆಕ್ಸ್ ಜರ್ಸಿಯಲ್ಲಿ, 1991ರಲ್ಲಿ ಬಕ್ಲರ್ ಜರ್ಸಿಯಲ್ಲಿ. ಆಮೇಲೆ ಇಪಿಒ ಎಂಬ, ದಮ್ಮು ಹೆಚ್ಚಿಸುವ ನಿಷೇಧಿತ ಮದ್ದು ಸೈಕಲ್ ಲೋಕವನ್ನೇ ಆವರಿಸಿತು. ಅದನ್ನು ಮುಟ್ಟಲು ಒಪ್ಪದೆ, ಇನ್ನೂ ಮೂವತ್ತು ತುಂಬುವ ಮುಂಚೆ, 1996ರಲ್ಲಿ ಸೈಕಲ್ ಇಳಿದುಬಿಟ್ಟ. ಈ ತಂಡದ ಇತಿಹಾಸದಲ್ಲಿ ನನಗೆ ಅತಿ ಇಷ್ಟದ ಮನುಷ್ಯ ಇವನೇ.

ಬಕ್ಲರ್ ಬಿಯರನ್ನು ಒಂದು ಜೋಕು ಕೊಂದಿತು ಅನ್ನುವುದು ನಿಜವೇ?

ಬಹುಮಟ್ಟಿಗೆ ನಿಜ. ಬಕ್ಲರ್ ಎಂದರೆ ಹೈನೆಕೆನ್ ಕಂಪನಿಯ ಅಮಲಿಲ್ಲದ ಬಿಯರ್. ಒಳ್ಳೆ ವ್ಯಾಪಾರವೇ ಆಗುತ್ತಿತ್ತು. ಡಚ್ಚರಲ್ಲಿ ಒಂದು ಪದ್ಧತಿ ಇದೆ. ಡಿಸೆಂಬರ್ 31ರ ರಾತ್ರಿ ಒಬ್ಬ ಹಾಸ್ಯಗಾರ ಟಿವಿಯಲ್ಲಿ ವರ್ಷದ ಲೆಕ್ಕ ಒಪ್ಪಿಸುತ್ತಾನೆ, ದೇಶವೇ ಕೂತು ನೋಡುತ್ತದೆ. 1989ರಲ್ಲಿ ಯೂಪ್ ವಾನ್ ತ್ ಹೆಕ್ ಎಂಬ ಹಾಸ್ಯಗಾರ ಬಾರಿನಲ್ಲಿ ಬಕ್ಲರ್ ಹಿಡಿದು ನಿಲ್ಲುವವರನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿದ. ಮಾರನೇ ದಿನದಿಂದ ಬಕ್ಲರ್ ಕೇಳಲು ಜನಕ್ಕೆ ನಾಚಿಕೆ.

ಟೈಮಿಂಗ್ ನೋಡಿ. ತಂಡದ ಜರ್ಸಿ ಮೇಲೆ ಬಕ್ಲರ್ ಬಂದಿದ್ದು 1990ರ ಜನವರಿ. ಜೋಕು ಸಿಡಿದ ಮರುದಿನ! ಮೂರು ವರ್ಷ ಆ ಜರ್ಸಿ ಯುರೋಪೆಲ್ಲ ಸುತ್ತಿತು, ರೇಸ್‌ಗಳನ್ನೂ ಗೆದ್ದಿತು. ಬಿಯರ್ ಮಾತ್ರ ಏಳಲಿಲ್ಲ. 1993ರಲ್ಲಿ ಹೈನೆಕೆನ್ ಅದನ್ನು ಡಚ್ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಬೇರೆ ದೇಶಗಳಲ್ಲಿ ಆರಾಮಾಗಿ ಮಾರಾಟವಾಗುತ್ತಲೇ ಇತ್ತು, ಅಲ್ಲಿಯವರಿಗೆ ಜೋಕು ಅರ್ಥವಾಗಿರಲಿಲ್ಲವಲ್ಲ.

ವರ್ಡ್‌ಪರ್ಫೆಕ್ಟ್ ಅಂದರೆ ಆ ಹಳೇ ಕಂಪ್ಯೂಟರ್ ಪ್ರೋಗ್ರಾಮೇ?

ಅದೇ. ನೀಲಿ ಪರದೆ, ಬಿಳಿ ಅಕ್ಷರ. ನಮ್ಮ ಕಡೆ ಕಂಪ್ಯೂಟರ್ ಕ್ಲಾಸುಗಳಲ್ಲಿ ವರ್ಡ್‌ಸ್ಟಾರ್ ಜಾಸ್ತಿ ಕಲಿಸುತ್ತಿದ್ದರು. ಅಮೆರಿಕ, ಯುರೋಪಿನ ಕಚೇರಿಗಳಲ್ಲಿ ಮಾತ್ರ ವರ್ಡ್‌ಪರ್ಫೆಕ್ಟ್ ದೊರೆ. ಮೈಕ್ರೋಸಾಫ್ಟ್ ವರ್ಡ್ ಅದರ ಬೆನ್ನು ಹತ್ತಿದ್ದ ಹೊತ್ತಲ್ಲಿ ಕಂಪನಿ ಸೈಕಲ್ ತಂಡಕ್ಕೆ ದುಡ್ಡು ಹಾಕಿತು. 1994ರಲ್ಲಿ ನಾವೆಲ್ ಕಂಪನಿ ವರ್ಡ್‌ಪರ್ಫೆಕ್ಟನ್ನು ಕೊಂಡುಕೊಂಡಿತು, ಜೊತೆಗೆ ತಂಡವೂ ಸಿಕ್ಕಿತು. ಮನೆ ಕೊಂಡವರಿಗೆ ಹಿತ್ತಲಿನ ಹಲಸಿನ ಮರ ಸಿಕ್ಕ ಹಾಗೆ.

1995ರಲ್ಲಿ ತಂಡದ ಹೆಸರು ನಾವೆಲ್. ಆ ವರ್ಷ ಉಜ್ಬೇಕಿಸ್ತಾನದ ಜಮೊಲಿದಿನ್ ಅಬ್ದುಜಪರೊವ್ ಟೂರ್‌ನ ಕೊನೆ ಹಂತ, ಅಂದರೆ ಪ್ಯಾರಿಸ್ಸಿನಲ್ಲಿ ಮುಗಿಯುವ ಕೊನೆ ದಿನದ ಓಟ, ಗೆದ್ದ. ಬೆಂಗಳೂರಿನಲ್ಲೂ ನಾವೆಲ್ ಕಚೇರಿ ಇತ್ತು. ಅಲ್ಲಿ ಕೆಲಸ ಮಾಡಿದ ಎಷ್ಟು ಮಂದಿಗೆ ತಮ್ಮ ಕಂಪನಿಗೊಂದು ಸೈಕಲ್ ತಂಡ ಇದ್ದದ್ದು ಗೊತ್ತೋ ಏನೋ. 1996ರ ಆರಂಭದಲ್ಲಿ ನಾವೆಲ್ ವರ್ಡ್‌ಪರ್ಫೆಕ್ಟನ್ನು ಕೋರೆಲ್‌ಗೆ ಮಾರಿತು. ಅಷ್ಟರಲ್ಲಿ ತಂಡ ಬೇರೆ ಆಸರೆ ಹುಡುಕಿಕೊಂಡಿತ್ತು.

ರಾಬೊಬ್ಯಾಂಕ್ ಯಾಕೆ ಅಷ್ಟು ಮುಖ್ಯ?

ಹದಿನೇಳು ವರ್ಷ ಇತ್ತು, ಅದಕ್ಕೆ. ಈ ಆಟದಲ್ಲಿ ಹದಿನೇಳು ವರ್ಷ ಒಂದು ಯುಗ.

ಇದು ಮಾಮೂಲಿ ಬ್ಯಾಂಕಲ್ಲ. ಹಳ್ಳಿ ಹಳ್ಳಿಯ ರೈತರ ಸಹಕಾರ ಸಂಘಗಳು ಸೇರಿ ಆದದ್ದು. ರೈಫೈಸೆನ್ ಎಂಬ ಜರ್ಮನ್ ಸಹಕಾರಿಯ ಹೆಸರು ಮತ್ತು ‘ರೈತ ಸಾಲದ ಬ್ಯಾಂಕ್’ ಎಂಬ ಡಚ್ ಪದ, ಎರಡರ ಮೊದಲಕ್ಷರಗಳು ಸೇರಿ ರಾಬೊ. ನಮ್ಮಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ಹಿಂದಿದ್ದ ವಿಚಾರವೂ ಇದೇ ಬೇರಿನದು. ಕಣಗಿನಹಾಳದ ಸೊಸೈಟಿ ಟೂರ್ ದ ಫ್ರಾನ್ಸ್‌ಗೆ ತಂಡ ಕಳಿಸಿದ ಹಾಗೆ ಅಂದುಕೊಳ್ಳಿ, ಆಗ ಡಚ್ಚರಿಗೆ ಯಾಕೆ ಅಷ್ಟು ಅಭಿಮಾನ ಎಂಬುದು ತಿಳಿಯುತ್ತದೆ. ಭಾರತದಲ್ಲೂ ಇದರ ಹೆಸರು ಓಡಾಡಿತ್ತು: ಯೆಸ್ ಬ್ಯಾಂಕ್ ಶುರುವಾದಾಗ ರಾಬೊಬ್ಯಾಂಕಿಗೆ ಅದರಲ್ಲಿ ಪಾಲಿತ್ತು.

ಈ ಬ್ಯಾಂಕ್ ಬರೀ ತಾರೆಗಳಿಗೆ ಸಂಬಳ ಕೊಟ್ಟು ಸುಮ್ಮನಾಗಲಿಲ್ಲ. ಹುಡುಗರ ತಂಡ, ಹೆಣ್ಣುಮಕ್ಕಳ ತಂಡ, ಊರಿನ ಕ್ಲಬ್ಬುಗಳವರೆಗೂ ದುಡ್ಡು ಹರಿಸಿತು. ಕಿತ್ತಳೆ–ನೀಲಿ ಜರ್ಸಿ ದೇಶದ ಜರ್ಸಿಯಂತೆಯೇ ಆಯಿತು. ಸ್ಪೇನಿನ ಓಸ್ಕಾರ್ ಫ್ರೇರೆ ಇಟಲಿಯ ಮಿಲಾನ್–ಸಾನ್ ರೆಮೊ ರೇಸನ್ನು ಮೂರು ಸಲ ಗೆದ್ದದ್ದು (2004, 2007, 2010) ಈ ಬಣ್ಣದಲ್ಲೇ. ರಷ್ಯಾದ ಡೆನಿಸ್ ಮೆನ್‌ಶೊವ್ 2009ರ ಜಿರೊ ಗೆದ್ದ. ಕೊನೆ ದಿನ ರೋಮಿನ ಒದ್ದೆ ಕಲ್ಲುಹಾಸಿನ ಮೇಲೆ ಬಿದ್ದು, ಎದ್ದು, ಹೊಸ ಸೈಕಲ್ ಹತ್ತಿ ಗೆದ್ದ. ಡಚ್ ಬ್ಯಾಂಕು, ಗೆದ್ದವರು ಹೊರಗಿನವರು. ಇದು ಡಚ್ಚರಿಗೆ ಇವತ್ತಿಗೂ ನೋಯುವ ಹಲ್ಲು. 1980ರ ಜೂಟೆಮೆಲ್ಕ್ ನಂತರ ಅವರ ದೇಶದ ಒಬ್ಬ ಗಂಡಸೂ ಟೂರ್ ಗೆದ್ದಿಲ್ಲ.

2007ರಲ್ಲಿ ಏನಾಯಿತು?

ಹಳದಿ ಜರ್ಸಿ ತೊಟ್ಟಿದ್ದ ತನ್ನದೇ ಸವಾರನನ್ನು ತಂಡವೇ ರಾತ್ರೋರಾತ್ರಿ ಮನೆಗೆ ಕಳಿಸಿತು.

ಸವಾರ ಡೆನ್ಮಾರ್ಕಿನ ಮಿಖಾಯೆಲ್ ರಾಸ್ಮುಸೆನ್. ಕಡ್ಡಿಯಂಥ ದೇಹ, ಗುಡ್ಡ ಹತ್ತುವುದರಲ್ಲಿ ಪಳಗಿದವನು. ಮದ್ದು ಪರೀಕ್ಷೆಯವರು ಯಾವಾಗ ಬೇಕಾದರೂ ಬಾಗಿಲು ಬಡಿಯಬಹುದು. ಅದಕ್ಕಾಗಿ ಸವಾರರು ತಾವು ಎಲ್ಲಿದ್ದೇವೆ ಎಂದು ಮುಂಚೆಯೇ ತಿಳಿಸಬೇಕು. ಜೂನ್‌ನಲ್ಲಿ ಮೆಕ್ಸಿಕೊದಲ್ಲಿದ್ದೆ ಎಂದು ಅವನು ಹೇಳಿದ್ದ. ಹೆಂಡತಿಯ ಊರು ಅಲ್ಲಿಯೇ, ನಂಬುವಂಥ ಮಾತು. ಆದರೆ ಇಟಲಿಯ ಮಾಜಿ ಸವಾರ, ಟಿವಿ ವಿವರಣೆಗಾರ ಡಾವಿಡೆ ಕಸ್ಸಾನಿ ಅದೇ ಜೂನ್‌ನಲ್ಲಿ ಅವನನ್ನು ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ಅಭ್ಯಾಸ ಮಾಡುವಾಗ ನೋಡಿದ್ದ. ಮೆಚ್ಚುಗೆಯಿಂದಲೇ ಆ ಮಾತು ಆಡಿದ್ದ, ಮಳೆಯಲ್ಲೂ ಎಷ್ಟು ಕಷ್ಟಪಡುತ್ತಾನೆ ನೋಡಿ ಅಂತ. ಆ ಮೆಚ್ಚುಗೆಯೇ ಉರುಳಾಯಿತು.

ಜುಲೈ 25. ಓಬಿಸ್ಕ್ ಗುಡ್ಡದ ತುದಿಯಲ್ಲಿ ರಾಸ್ಮುಸೆನ್ 16ನೇ ಹಂತ ಗೆದ್ದ. ಪ್ಯಾರಿಸ್ ನಾಲ್ಕೇ ದಿನ ದೂರ. ಅದೇ ರಾತ್ರಿ ತಂಡ ಅವನನ್ನು ರೇಸಿನಿಂದ ತೆಗೆದುಹಾಕಿತು. ಮರುದಿನ ಹಳದಿ ಜರ್ಸಿ ತೊಟ್ಟವರು ಯಾರೂ ಇಲ್ಲದೆ ಟೂರ್ ಹೊರಟಿತು. ಸ್ವಲ್ಪ ದಿನಕ್ಕೆ ಮ್ಯಾನೇಜರ್ ಥಿಯೊ ಡೆ ರೋಯ್ ಕೂಡ ರಾಜೀನಾಮೆ ಕೊಟ್ಟ. ರಾಸ್ಮುಸೆನ್ 2013ರಲ್ಲಿ, 1998ರಿಂದಲೂ ಮದ್ದು ಬಳಸಿದ್ದೆ ಎಂದು ಒಪ್ಪಿಕೊಂಡ.

ಅಷ್ಟಾದರೂ ಉಳಿದ ಬ್ಯಾಂಕ್ 2012ರಲ್ಲಿ ಯಾಕೆ ಬಿಟ್ಟುಹೋಯಿತು?

ಆ ಅಕ್ಟೋಬರ್‌ನಲ್ಲಿ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಬಗ್ಗೆ ಅಮೆರಿಕದ ಮದ್ದು ವಿರೋಧಿ ಸಂಸ್ಥೆಯ ವರದಿ ಹೊರಬಿತ್ತು. ಒಬ್ಬನ ಕಥೆಯಲ್ಲ, ಇಡೀ ಪೀಳಿಗೆಯ ಕಥೆ. ರಾಬೊಬ್ಯಾಂಕ್ ತಂಡದಲ್ಲಿದ್ದವರ ನೆರಳೂ ಅದರಲ್ಲಿ ಬಿದ್ದಿತ್ತು. ಅಕ್ಟೋಬರ್ 19ರಂದು ಬ್ಯಾಂಕ್ ಕೈ ಎತ್ತಿತು. ಈ ಆಟ ಶುದ್ಧವಾಗುತ್ತದೆ ಎಂಬ ನಂಬಿಕೆ ನಮಗೆ ಉಳಿದಿಲ್ಲ ಎಂಬುದು ಅದರ ಹೇಳಿಕೆಯ ತಿರುಳು. ರೈತರ ಠೇವಣಿ ಇಟ್ಟುಕೊಂಡವರಿಗೆ ನಂಬಿಕೆಯೇ ಬಂಡವಾಳ. ನಿರ್ಧಾರ ಸರಿಯೇ. ಆದರೆ ಹದಿನೇಳು ವರ್ಷ ಒಳಗೇ ಇದ್ದವರು ಒಮ್ಮೆಗೇ ಗಾಬರಿಯಾದದ್ದು ಸ್ವಲ್ಪ ವಿಚಿತ್ರ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಬ್ಲಾಂಕೊ ಯಾವ ಕಂಪನಿ?

ಯಾವ ಕಂಪನಿಯೂ ಅಲ್ಲ. ಬ್ಲಾಂಕೊ ಎಂದರೆ ಖಾಲಿ, ಬರೆಯದ ಜಾಗ. ಬ್ಯಾಂಕ್ ಹೆಸರು ತೆಗೆದುಕೊಂಡು ಹೋಯಿತು, ಒಪ್ಪಂದದ ಹಣ ಮಾತ್ರ 2013ಕ್ಕೂ ಕೊಟ್ಟಿತು. ಹಾಗಾಗಿ ಸಂಬಳ ಇದೆ, ಹೆಸರಿಲ್ಲ. ಹೊಸ ಮ್ಯಾನೇಜರ್ ರಿಚರ್ಡ್ ಪ್ಲುಗ್ಗೆ ಮೊದಲು ಪತ್ರಕರ್ತ ಆಗಿದ್ದವನು. ‘ಈ ಜಾಗ ಬಾಡಿಗೆಗಿದೆ’ ಎಂಬ ಬೋರ್ಡನ್ನೇ ತಂಡದ ಹೆಸರು ಮಾಡಿದ ಹಾಗಿತ್ತು. ನನ್ನ ಮಟ್ಟಿಗೆ ಹನ್ನೊಂದರಲ್ಲಿ ಅತಿ ಪ್ರಾಮಾಣಿಕ ಹೆಸರು ಇದು.

ಬೆಲ್ಕಿನ್?

ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿ. ನಿಮ್ಮ ಮನೆಯ ಚಾರ್ಜರ್ ಮೇಲೂ ಹೆಸರಿರಬಹುದು. 2013ರ ಟೂರ್‌ಗೆ ಸರಿಯಾಗಿ ಬಂತು, ಬೌಕೆ ಮೊಲೆಮಾ ಆ ಟೂರ್‌ನಲ್ಲಿ ಆರನೆಯವನಾದ. 2014ರಲ್ಲಿ ಮಳೆ, ಕೆಸರು, ಕಲ್ಲುಹಾದಿಯ ಹಂತವೊಂದನ್ನು ಲಾರ್ಸ್ ಬೋಮ್ ಗೆದ್ದ. ಅದೇ ವರ್ಷದ ಕೊನೆಗೆ, ಒಪ್ಪಂದ ಮುಗಿಯುವ ಮುಂಚೆಯೇ ಕಂಪನಿ ಹೊರಟಿತು.

ಲೊಟ್ಟೊ ಪಕ್ಕದಲ್ಲಿ ‘ಎನ್‌ಎಲ್’ ಯಾಕೆ?

ಪಕ್ಕದ ಬೆಲ್ಜಿಯಂನಲ್ಲೂ ಲೊಟ್ಟೊ ಎಂಬ ಲಾಟರಿ ಇದೆ, ಅದಕ್ಕೂ ಒಂದು ಸೈಕಲ್ ತಂಡ ಇದೆ. ಗೊಂದಲ ಬೇಡವೆಂದು ಡಚ್ ಲಾಟರಿಯವರು ದೇಶದ ಅಕ್ಷರ ಸೇರಿಸಿಕೊಂಡರು. ಇವರು ಐಸ್ ಸ್ಕೇಟಿಂಗ್ ತಂಡವನ್ನೂ ಜೊತೆಗೇ ನಡೆಸಿದರು.

ಜಂಬೊ ಸೂಪರ್ ಮಾರ್ಕೆಟ್. ಡಚ್ಚರು ಅದನ್ನು ‘ಯುಂಬೊ’ ಎನ್ನುತ್ತಾರೆ. ನೀವು ಜಂಬೊ ಅಂದರೂ ನಡೆಯುತ್ತದೆ.

ಮೊದಲ ವರ್ಷಗಳಲ್ಲಿ ದುಡ್ಡು ಕಡಿಮೆ, ಗೆಲುವೂ ಕಡಿಮೆ. ದೊಡ್ಡ ತಾರೆಗಳನ್ನು ಕೊಳ್ಳಲು ಆಗದ ತಂಡ ಬೇರೆಯವರು ನೋಡದ ಕಡೆ ನೋಡಿತು. 2016ರಲ್ಲಿ ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಬಂದ. ಅವನು ಮೂಲತಃ ಸ್ಕೀ ಜಂಪರ್, ಹಿಮದ ಇಳಿಜಾರಿನಿಂದ ಹಾರುವವನು. ಅದೇ ವರ್ಷ ಸ್ಟೀವನ್ ಕ್ರೌಸ್‌ವೈಕ್ ಗುಲಾಬಿ ಜರ್ಸಿ ತೊಟ್ಟು ಜಿರೊ ಗೆಲ್ಲುವ ಹಂತದಲ್ಲಿದ್ದ. ಆನ್ಯೆಲ್ಲೊ ಗುಡ್ಡ ಇಳಿಯುವಾಗ ರಸ್ತೆ ಬದಿಯ ಹಿಮದ ಗೋಡೆಗೆ ಗುದ್ದಿ ಪಲ್ಟಿ ಹೊಡೆದ. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಆ ಪಲ್ಟಿ ಈಗಲೂ ಕಣ್ಣ ಮುಂದೆ ಬರುತ್ತದೆ.

2020ರ ಆ ಶನಿವಾರದ ಬಗ್ಗೆ ಹೇಳಲೇಬೇಕಾ?

ಬೇಡ ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ವಿಸ್ಮಾ ಎಂಬ ನಾರ್ವೆಯ ಸಾಫ್ಟ್‌ವೇರ್ ಕಂಪನಿ 2019ರಲ್ಲಿ ಸೇರಿಕೊಂಡ ಮೇಲೆ ತಂಡದ ಕೈಗೆ ಬಲ ಬಂದಿತ್ತು. 2020ರ ಟೂರ್ ಪೂರ್ತಿ ಈ ತಂಡದ ಹಳದಿ–ಕಪ್ಪು ಸಾಲು ಮುಂದೆ, ಉಳಿದವರು ಹಿಂದೆ. ಕೊನೆಯ ಹಿಂದಿನ ದಿನ, ಸೆಪ್ಟೆಂಬರ್ 19. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಹಂತ. ರೊಗ್ಲಿಚ್ 57 ಸೆಕೆಂಡ್ ಮುಂದಿದ್ದ. ಲಾ ಪ್ಲಾಂಶ್ ದೆ ಬೆಲ್ ಫಿಯ್ ಗುಡ್ಡದ ತುದಿಗೆ ಬರುವಾಗ ಹೆಲ್ಮೆಟ್ ವಾಲಿತ್ತು, ಮುಖ ಬಿಳಿಚಿತ್ತು. 22ನೇ ಹುಟ್ಟುಹಬ್ಬಕ್ಕೆ ಎರಡು ದಿನ ಬಾಕಿ ಇದ್ದ ತಾದೇ ಪೊಗಾಚಾರ್, ಅದೂ ಅವನದೇ ದೇಶದವನು, ಟೂರ್ ಕಿತ್ತುಕೊಂಡ. ಅಂತರ 59 ಸೆಕೆಂಡ್. ಸಹಸವಾರರು ಟಿವಿ ಮುಂದೆ ಬಾಯಿ ತೆರೆದು ಕೂತಿದ್ದ ದೃಶ್ಯ ನೋಡಿದವರಿಗೆ ಮರೆಯುವುದಿಲ್ಲ.

ಒಂದು ತಿಂಗಳೂ ಬಿಡುವು ಕೊಡದೆ ಹೊರಟ ರೊಗ್ಲಿಚ್ ಬೆಲ್ಜಿಯಂನ ಲೀಜ್–ಬಾಸ್ಟೋನ್–ಲೀಜ್ ರೇಸ್ ಗೆದ್ದ, ಸ್ಪೇನಿನ ಮಹಾ ರೇಸ್ ವುಎಲ್ಟಾವನ್ನೂ ಗೆದ್ದ.

ಟೂರ್ ಕೊನೆಗೆ ಯಾವಾಗ ಸಿಕ್ಕಿತು?

2022ರಲ್ಲಿ, ಯೋನಾಸ್ ವಿಂಗೆಗೋ ಕೈಯಲ್ಲಿ. ಡೆನ್ಮಾರ್ಕಿನ ಈ ಹುಡುಗ ಹಿಂದೆ ಮೀನು ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮಾಡಿ, ಮಧ್ಯಾಹ್ನ ಸೈಕಲ್ ತುಳಿಯುತ್ತಿದ್ದ. ಗ್ರಾನೊನ್ ಗುಡ್ಡದ ತುದಿಯಲ್ಲಿ ಮುಗಿದ ಹಂತದಲ್ಲಿ, ಅದಕ್ಕೂ ಮುಂಚಿನ ಗಾಲಿಬಿಯೆ ಗುಡ್ಡದಲ್ಲೇ ಅವನೂ ರೊಗ್ಲಿಚ್ಚೂ ಸರದಿಯಂತೆ ಪೊಗಾಚಾರ್ ಮೇಲೆರಗಿ ಸುಸ್ತು ಮಾಡಿದರು. ತಂಡ ಶುರುವಾಗಿ 38 ವರ್ಷದ ಮೇಲೆ ಮೊದಲ ಟೂರ್. 2023ರಲ್ಲಿ ವಿಂಗೆಗೋ ಮತ್ತೆ ಗೆದ್ದ.

ಆ 2023 ಅಂತಿಂಥ ವರ್ಷವಲ್ಲ. ಜಿರೊ ರೊಗ್ಲಿಚ್‌ಗೆ, ಟೂರ್ ವಿಂಗೆಗೋಗೆ, ವುಎಲ್ಟಾ ಸೆಪ್ ಕುಸ್‌ಗೆ. ಮೂರು ಮಹಾ ರೇಸ್‌ಗಳನ್ನು ಒಂದೇ ವರ್ಷ ಬೇರೆ ಯಾವ ತಂಡವೂ ಗೆದ್ದಿರಲಿಲ್ಲ. ಕುಸ್ ಅಮೆರಿಕದವನು, ಬೇರೆಯವರಿಗಾಗಿ ದುಡಿಯುವ ಸವಾರ. ಆ ವರ್ಷ ಮೂರೂ ರೇಸ್ ಓಡಿಸಿ, ಮೊದಲೆರಡರಲ್ಲಿ ನಾಯಕರನ್ನು ಗೆಲ್ಲಿಸಿ, ಮೂರನೆಯದನ್ನು ತಾನೇ ಗೆದ್ದ. ಎರಡು, ಮೂರನೇ ಸ್ಥಾನವೂ ಅದೇ ತಂಡಕ್ಕೆ.

ಎಲ್ಲ ಗೆದ್ದ ತಂಡವನ್ನು ಜಂಬೊ ಯಾಕೆ ಬಿಟ್ಟಿತು?

ಸ್ಪಾನ್ಸರ್‌ಗಳು ಸೋತಾಗ ಮಾತ್ರ ಹೋಗುತ್ತಾರೆ ಅಂದುಕೊಳ್ಳುವುದು ತಪ್ಪು. ಜಂಬೊ ಹೊರಡುವುದಾಗಿ ಹೇಳಿದ್ದು ತಂಡ ಶಿಖರದಲ್ಲಿದ್ದಾಗ. ಆ ಶರತ್ಕಾಲದಲ್ಲಿ ಬೆಲ್ಜಿಯಂನ ಸೌಡಾಲ್–ಕ್ವಿಕ್‌ಸ್ಟೆಪ್ ಜೊತೆ ವಿಲೀನದ ಮಾತುಕತೆಯೇ ನಡೆಯಿತು. ಎರಡು ತಂಡದ ಸವಾರರು ಕೆಲಸ ಉಳಿಯುತ್ತೋ ಇಲ್ಲವೋ ಎಂದು ದಿನ ಎಣಿಸಿದರು. ಅಕ್ಟೋಬರ್‌ನಲ್ಲಿ ಮಾತುಕತೆ ಮುರಿದುಬಿತ್ತು. ವಿಸ್ಮಾ ಉಳಿಯಿತು, ಲೀಸ್ ಎ ಬೈಕ್ ಬಂತು. ರೊಗ್ಲಿಚ್ ಮಾತ್ರ ಬೇರೆ ತಂಡಕ್ಕೆ ಹೋದ.

ಲೀಸ್ ಎ ಬೈಕ್ ಕೆಲಸ ಇಷ್ಟು: ಕಂಪನಿಗಳು ತಮ್ಮ ನೌಕರರಿಗೆ ತಿಂಗಳ ಬಾಡಿಗೆ ಮೇಲೆ ಸೈಕಲ್ ಕೊಡಿಸುತ್ತವೆ, ಅದನ್ನು ಒದಗಿಸುವವರು ಇವರು. ಇದರ ಹಿಂದಿರುವುದು ಪೋನ್ ಎಂಬ ಡಚ್ ಸಮೂಹ. ತಂಡ 2021ರಿಂದ ಓಡಿಸುವ ಸರ್ವೆಲೊ ಸೈಕಲ್ ಕೂಡ ಅವರದೇ ಬ್ರ್ಯಾಂಡ್. (ಅದಕ್ಕೂ ಮುಂಚೆ ಕೊಲ್ನಾಗೊ, ಜಯಂಟ್, ಬಿಯಾಂಕಿ ಇದ್ದವು.) ಸೈಕಲ್ ಕಂಪನಿಯ ತಂಡಗಳಿಂದ ಶುರುವಾದ ಆಟ ಒಂದು ಸುತ್ತು ಹಾಕಿ ಮತ್ತೆ ಸೈಕಲ್ ಅಂಗಡಿಗೇ ಬಂದ ಹಾಗಾಯಿತು.

ಮಹಿಳಾ ತಂಡ ಇದೆಯಾ?

ಇದೆ, 2021ರಿಂದ. ಆರಂಭದಿಂದಲೂ ಮರಿಯಾನ ವೋಸ್ ಅದರ ಬೆನ್ನೆಲುಬು. ಅವರು ಹಿಂದೆ ರಾಬೊಬ್ಯಾಂಕಿನ ಮಹಿಳಾ ತಂಡದಲ್ಲೂ ಇದ್ದವರು. 2025ರಲ್ಲಿ ಫ್ರಾನ್ಸಿನ ಪೊಲೀನ್ ಫೆರಾಂ–ಪ್ರೆವೊ ಇದೇ ಜರ್ಸಿಯಲ್ಲಿ ಪ್ಯಾರಿಸ್–ರೂಬೆ ಗೆದ್ದರು, ಮಹಿಳೆಯರ ಟೂರ್ ದ ಫ್ರಾನ್ಸ್ ಕೂಡ ಗೆದ್ದರು. ಗಂಡಸರ ತಂಡಕ್ಕೆ ಟೂರ್ ಸಿಗದ ವರ್ಷ ಅದು. ಸೈಮನ್ ಯೇಟ್ಸ್ ಜಿರೊ ಗೆದ್ದ, ಅದೂ 2018ರಲ್ಲಿ ತಾನು ಗುಲಾಬಿ ಜರ್ಸಿ ಕಳೆದುಕೊಂಡಿದ್ದ ಅದೇ ಫಿನೆಸ್ತ್ರೆ ಗುಡ್ಡದಲ್ಲಿ. ವಿಂಗೆಗೋ ವುಎಲ್ಟಾ ಗೆದ್ದ. ಪ್ರತಿಭಟನೆಯಿಂದ ಮ್ಯಾಡ್ರಿಡ್‌ನ ಕೊನೆ ಹಂತ ನಿಂತುಹೋಗಿ, ಹೋಟೆಲ್ ಪಾರ್ಕಿಂಗಿನಲ್ಲಿ ಐಸ್ ಡಬ್ಬಿಗಳ ಮೇಲೆ ನಿಂತು ಬಹುಮಾನ ಸಮಾರಂಭ ಮಾಡಿಕೊಂಡರು.

ನಮ್ಮವರು ಯಾರಾದರೂ ಇಂಥ ತಂಡದಲ್ಲಿ ಇದ್ದಾರಾ?

ಈ ತಂಡದಲ್ಲಿ ಇಲ್ಲ. ಬೆಂಗಳೂರಲ್ಲಿ ನೆಲೆಸಿ ಅಭ್ಯಾಸ ಮಾಡಿದ ನವೀನ್ ಜಾನ್ 2016ರಲ್ಲಿ ಆಸ್ಟ್ರೇಲಿಯಾದ ಒಂದು ಕಾಂಟಿನೆಂಟಲ್ ತಂಡಕ್ಕೆ ಓಡಿಸಿದರು. ಅದು ಇದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ದರ್ಜೆ, ಆ ತಂಡದ ಹೆಸರಲ್ಲೂ ಒಂದು ಸೈಕಲ್ ಉಡುಪಿನ ಬ್ರ್ಯಾಂಡ್ ಇತ್ತು. ವಿಜಯಪುರ, ಬಾಗಲಕೋಟೆ ಕಡೆ ಕಾಲಲ್ಲಿ ಕಸುವಿರುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಬರ ಇರುವುದು ಸ್ಪಾನ್ಸರ್‌ಗೆ.

ಮಾತಾಡುವಾಗ ಯಾವ ಹೆಸರು ಬಳಸಬೇಕು?

ಈಗಿನವರ ಜೊತೆ ವಿಸ್ಮಾ ಅನ್ನಿ, ಸಾಕು. ಹಳೇ ಗೆಲುವಿನ ಬಗ್ಗೆ ಮಾತಾಡುವಾಗ ಆ ಕಾಲದ ಹೆಸರನ್ನೇ ಹೇಳಿ: ಫ್ರೇರೆ ರಾಬೊಬ್ಯಾಂಕಿನವನು, ಕುಸ್ ವುಎಲ್ಟಾ ಗೆದ್ದದ್ದು ಜಂಬೊದಲ್ಲಿ. ಹಳೇ ಜರ್ಸಿ ಹಾಕಿಕೊಳ್ಳಲು ಸಂಕೋಚವೇನೂ ಬೇಡ. ಆಲ್ಪ್ ದ್ಯುಯೆಜ್ ಗುಡ್ಡದ ಏಳನೇ ತಿರುವನ್ನು ಡಚ್ಚರ ತಿರುವು ಎಂದೇ ಕರೆಯುತ್ತಾರೆ. ಟೂರ್ ಅಲ್ಲಿ ಹಾದುಹೋಗುವ ದಿನ ಇಡೀ ತಿರುವು ಕಿತ್ತಳೆ. ಆ ಗುಂಪಿನಲ್ಲಿ ರಾಬೊಬ್ಯಾಂಕ್ ಜರ್ಸಿಗಳನ್ನೂ ಹುಡುಕಿ ನೋಡಿ. ಬಣ್ಣ ಮಾಸಿದೆ, ಹೊಟ್ಟೆ ಹತ್ತಿರ ಬಿಗಿಯಾಗಿದೆ. ತೊಟ್ಟವರು ಕೂಗುವುದು ಹಳದಿ–ಕಪ್ಪು ಜರ್ಸಿಯವರ ಹೆಸರನ್ನೇ.